ಮರಗಸಿ ಮುಗಿದ ಸಂಜೆ

ಮೇ ತಿಂಗಳ ಕೊನೆ. ಸಕಲೇಶಪುರದಾಚೆಯ ನಮ್ಮ ಪುಟ್ಟ ಕಾಫಿ ತೋಟದಲ್ಲಿ ಅಂದು ಮರಗಸಿ ಮುಗಿದಿತ್ತು. ಮಳೆ ಹಿಡಿಯುವ ಮೊದಲು ಗಿಡಗಳಿಗೆ ಬೆಳಕು ಬೀಳಲೆಂದು ಹಾಲವಾಣ, ಬಸರಿ, ಸಿಲ್ವರ್ ಎಲ್ಲದರ ಕೊಂಬೆ ಇಳಿಸಿದ್ದೆವು. ತಲೆಯೆತ್ತಿದರೆ ಅಗಲವಾಗಿ ಆಕಾಶ. ಕೆಲಸ ಹಸನಾಯಿತೆಂದು ನನಗೆ ಸಮಾಧಾನವಾಗಿತ್ತು.

ಕತ್ತಲಾದ ಮೇಲೆ ಮರ ಹತ್ತುವ ಅಜ್ಜ ತೋಟದ ರಸ್ತೆಯಿಂದ ಕೂಗಿದರು. "ಅಕ್ಕಾ, ಬೇಗ ಬ್ಯಾಟರಿ ತನ್ನಿ!"

ಜಲ್ಲಿಯ ಮೇಲೆ ಕಾಡುಪಾಪ ಕೂತಿತ್ತು. ಒಂದು ಗೇಣು ಮೈ, ಬಾಲವೇ ಇಲ್ಲ, ಕಡ್ಡಿಯಂಥ ಉದ್ದನೆಯ ಕೈಕಾಲು. ಬೆಳಕು ತಾಗಿದ್ದೇ ಕಣ್ಣು ಕೆಂಡದ ಹಾಗೆ ಹೊಳೆದವು. ರಾತ್ರಿ ಸಂಚರಿಸುವ ಆ ಕಣ್ಣಿನ ಹಿಂಭಾಗದ ಪದರವೊಂದು ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಅದಕ್ಕೆ ಕಣ್ಣು ಕುಕ್ಕುತ್ತದೆಂದು ತಿಳಿದಿದ್ದರಿಂದ ಬ್ಯಾಟರಿಯ ಗಾಜಿಗೆ ಅಂಗೈ ಮುಚ್ಚಿದೆ. ನನ್ನ ಬೆರಳುಗಳ ಸಂದಿಯಿಂದ ಸೋರಿದ ಕೆಂಪು ಬೆಳಕಿನಲ್ಲಿ ಮುಖ ಕಂಡಿತು: ಕಣ್ಣ ಸುತ್ತ ಕಪ್ಪು, ನಡುವೆ ಮೂಗಿನವರೆಗೂ ಇಳಿದ ಬಿಳಿ ಗೆರೆ, ಒದ್ದೆ ಮೂಗು.

"ಮುಟ್ಬೇಡಿ ಅಕ್ಕಾ, ಅದು ಕಣ್ಣಿಗೆ ಬಿದ್ರೆ ಒಳ್ಳೇದಲ್ಲ ಅಂತಾರೆ," ಅಂದರು ಅಜ್ಜ.

ಅವರನ್ನು ದೂರಲು ಮನಸ್ಸಾಗಲಿಲ್ಲ, ಕೇಳಿ ಬೆಳೆದ ಮಾತು. ಆದರೆ ಇಂಥ ಮಾತಿನಿಂದಲೇ ಮಾಟಕ್ಕೆ, ಮದ್ದಿಗೆ ಅಂತ ಈ ಜೀವಗಳನ್ನು ಹಿಡಿದಿದ್ದಾರೆ, ಕೊಂದಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಇದನ್ನು ಮೊದಲ ಪರಿಚ್ಛೇದದಲ್ಲೇ ಇಟ್ಟು ಕಾಯುತ್ತದೆ. ಇರುವೆ, ಹುಳು, ಹಲ್ಲಿ, ಮರದ ಅಂಟು ತಿಂದು ಬದುಕುವ ಕಾಲು ಕೆಜಿಯೂ ತೂಗದ ಪ್ರಾಣಿ ಯಾರಿಗೆ ಏನು ಕೇಡು ಮಾಡೀತು?

ನೆಲಕ್ಕೆ ಯಾಕೆ ಇಳಿಯಿತೆಂದು ಮೇಲೆ ನೋಡಿದಾಗ ಎದೆ ಧಸಕ್ಕೆಂದಿತು. ಕಾಡುಪಾಪ ಮಂಗನ ಹಾಗೆ ನೆಗೆಯುವುದಿಲ್ಲ. ಒಂದು ಕೊಂಬೆ ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚಬೇಕು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ರಸ್ತೆಯ ಈಚೆ ಬಸರಿ, ಆಚೆ ಹಾಲವಾಣ. ನಡುವಿನ ಕೊಂಬೆಗಳನ್ನು ಅಂದು ಮಧ್ಯಾಹ್ನ ನಾನೇ ನಿಂತು ಕಡಿಸಿದ್ದೆ.

ಕೆಳಗೆ ಬಿದ್ದಿದ್ದ ಉದ್ದನೆಯ ಕೊಂಬೆಯೊಂದನ್ನು ಅಜ್ಜ ಮೆಲ್ಲಗೆ ಅದರ ಮುಂದೆ ಚಾಚಿದರು. ಒಂದು ಕೈ ಬಂತು. ತೋರುಬೆರಳು ಮೋಟು, ಹೆಬ್ಬೆರಳು ಉಳಿದವುಗಳಿಂದ ದೂರ ಚಾಚಿಕೊಂಡಿತ್ತು. ಕೊಂಬೆಯನ್ನು ಇಕ್ಕಳದ ಹಾಗೆ ಕಚ್ಚಿತು. ಕೈಕಾಲಿನ ರಕ್ತನಾಳಗಳು ಬಲೆಯಾಗಿ ಕವಲೊಡೆದಿರುವುದರಿಂದ ಎಷ್ಟು ಹೊತ್ತು ಹಿಡಿದರೂ ಅದಕ್ಕೆ ಜೋಮು ಹಿಡಿಯುವುದಿಲ್ಲವಂತೆ. ಕೊಂಬೆಯನ್ನು ಹಾಲವಾಣಕ್ಕೆ ಆನಿಸಿದೆವು. ಒಂದೊಂದೇ ಹಿಡಿತ ಬದಲಿಸುತ್ತ ಅದು ಮೆಣಸಿನ ಬಳ್ಳಿಯೊಳಗೆ ಸೇರಿಕೊಂಡಿತು.

ತುಮಕೂರು ಸೀಮೆಯ ಒಣ ಕುರುಚಲು, ಹುಣಸೆ ತೋಪುಗಳಲ್ಲಿರುವ ಕಾಡುಪಾಪ ಬೂದು ಬಣ್ಣದ್ದು, ಇದಕ್ಕಿಂತ ದೊಡ್ಡದು. ನಮ್ಮ ಮಲೆನಾಡಿನ ಕೆಂಗಂದು ಕಾಡುಪಾಪಕ್ಕೆ ಮಾತ್ರ ಹಸಿರು ಚಪ್ಪರ ಹರಿಯಬಾರದು. ಕಾಡು ಕಡಿದು ತೋಟ ಮಾಡಿದ ನಮ್ಮ ಹಿರಿಯರು ನೆರಳಿಗೆಂದು ಉಳಿಸಿದ ಮರಗಳೇ ಅದರ ಮನೆ.

ಮರುವರ್ಷ ಮರಗಸಿಗೆ ಅಜ್ಜ ಬಂದಾಗ ಮೊದಲು ರಸ್ತೆಯ ಬಳಿ ಕರೆದುಕೊಂಡು ಹೋದೆ. ಹೊಸದಾಗಿ ಚಿಗುರಿದ್ದ ನಾಲ್ಕು ಕೊಂಬೆ ತೋರಿಸಿ, "ಇವಿಷ್ಟು ಹಾಗೇ ಇರಲಿ" ಅಂದೆ. ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಪಕ್ಕದ ಮರ ಹತ್ತಿದರು.