ನೀರು ಇಳಿಯುವ ಹೊತ್ತಿಗೆ ಶಹೀದ್ ದ್ವೀಪದಲ್ಲಿ

ರೋಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕೊನೆಯ ಕಾಫಿಯೂ ಚೀಲ ಸೇರಿ, ಇನ್ನು ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಯಾವಾಗ ಬರುವುದೋ ಎಂದು ಆಕಾಶ ನೋಡುತ್ತ ಕೂರುವ ಫೆಬ್ರವರಿ ಕೊನೆಯಲ್ಲಿ ಕೊಡಗಿನ ನಾಪೋಕ್ಲು ಕಡೆಯ ತೋಟಗಾರನೊಬ್ಬ ಊರು ಬಿಟ್ಟು ಹೊರಡುವುದನ್ನು ನೆರೆಯವರು ಮೆಚ್ಚುವುದಿಲ್ಲ. ಆದರೆ ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ತನಗೆ ಸಮುದ್ರವೆಂದರೆ ಮಂಗಳೂರಿನ ಪಣಂಬೂರು ಮತ್ತು ಕಣ್ಣೂರಿನ ಪಯ್ಯಾಂಬಲಂ ಮಾತ್ರ, ಅದೂ ಯಾರದೋ ಮದುವೆಗೆ ಹೋದಾಗ ಸಂಜೆ ಅರ್ಧ ಗಂಟೆ ಕಂಡದ್ದು ಎಂದು ನನ್ನ ಹೆಂಡತಿ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸ್ಪ್ರಿಂಕ್ಲರಿನ ಹೊಣೆಯನ್ನೂ, ನಾವು ನಡೆಸುವ ಎರಡು ಕೋಣೆಗಳ ಹೋಂಸ್ಟೇಯ ಬೀಗದ ಕೈಯನ್ನೂ ತಮ್ಮನ ಮಗನಿಗೆ ಒಪ್ಪಿಸಿ, ಅಂಡಮಾನಿನ ಒಂದು ಸಣ್ಣ ದ್ವೀಪವನ್ನು ನೋಡಿ ಬರಲು ಹೊರಟೆವು.

ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆಗೂ ಸ್ವಲ್ಪ ಹೆಚ್ಚಿನ ಪ್ರಯಾಣ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಬಂದಿದೆಯಾದರೂ ಆಟೋದವರ ಬಾಯಲ್ಲಿ ಇನ್ನೂ ಹಳೆಯದೇ ಓಡಾಡುತ್ತಿದೆ. ಅಲ್ಲಿ ಕಳೆದ ಎರಡು ದಿನಗಳ ವಿಷಯವನ್ನು ನಾನು ಬರೆಯಹೊರಟಿಲ್ಲ; ಸೆಲ್ಯುಲರ್ ಜೈಲಿನ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. 1883ರಿಂದ ಇರುವ ಚಾಥಮ್ ಮರದ ಕಾರ್ಖಾನೆಯಲ್ಲಿ ಪಡಾಕ್ ಎಂಬ ಕೆಂಪು ಮರದ ಹಲಗೆಯನ್ನು ಕೈಯಲ್ಲಿ ಸವರಿ, ಇದು ನಮ್ಮ ಹೊನ್ನೆಯ ದಾಯಾದಿಯಲ್ಲವೇ ಎಂದು ಸಂತೋಷಪಟ್ಟದ್ದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಶಹೀದ್ ದ್ವೀಪಕ್ಕೆ 2018ರ ಡಿಸೆಂಬರ್ 30ರವರೆಗೆ ನೀಲ್ ಎಂಬ ಹೆಸರಿತ್ತು. ಅದರ ವಿಸ್ತೀರ್ಣ ಹದಿನಾಲ್ಕು ಚದರ ಕಿಲೋಮೀಟರಿನ ಆಸುಪಾಸು, ಅಂದರೆ ಸುಮಾರು ಮೂರೂವರೆ ಸಾವಿರ ಎಕರೆ. ಎಕರೆ ಲೆಕ್ಕದಲ್ಲಿ ಹೇಳಿದರೆ ಮಾತ್ರ ನನ್ನಂಥವರಿಗೆ ಜಾಗ ಕಣ್ಣಿಗೆ ಕಟ್ಟುತ್ತದೆ. 2011ರ ಜನಗಣತಿಯ ಪ್ರಕಾರ ಮೂರು ಸಾವಿರದಷ್ಟು ಜನ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು 1960ರ ದಶಕದಲ್ಲಿ ಸರ್ಕಾರ ಇಲ್ಲಿಗೆ ತಂದು ನೆಲೆಗೊಳಿಸಿತು. ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಎಂದು ಹೆಚ್ಚಿನ ಊರುಗಳಿಗೆ ರಾಮಾಯಣದ ಹೆಸರು. ಅಂಡಮಾನಿನ ತರಕಾರಿ ಬುಟ್ಟಿ ಎಂಬ ಖ್ಯಾತಿ ಇದಕ್ಕಿದೆ, ಮತ್ತು ಅದು ಸುಳ್ಳಲ್ಲ: ಹಡಗು ಕಟ್ಟೆಗೆ ತಾಗುವ ಹೊತ್ತಿಗೆ ಪ್ರವಾಸಿಗರ ಸೂಟ್‌ಕೇಸುಗಳ ಎದುರಿಗೆ ಬದನೆ ಮತ್ತು ಸೋರೆಯ ಚೀಲಗಳು ಹಡಗು ಹತ್ತಲು ಸಾಲಾಗಿ ಕಾದಿದ್ದವು.

ಜೆಟ್ಟಿಯ ಪಕ್ಕದ ಭರತಪುರದ ಕಡಲತೀರ ಬಹಳ ಬೇಗ ಬೆಳೆಯುತ್ತಿದೆ. ತೆಂಗಿನ ನೆರಳಿನಲ್ಲಿ ಅಂಗಡಿಗಳ ಸಾಲು, ಎಳನೀರು, ಟೋಪಿ, ತಳದಲ್ಲಿ ಗಾಜಿರುವ ದೋಣಿಗಳು, ಗುಡುಗುಡು ಸದ್ದು ಮಾಡುತ್ತ ನೀರನ್ನು ಸೀಳುವ ಜೆಟ್ ಸ್ಕೀಗಳು. ನೀರಿನ ಬಣ್ಣ ನಿಜಕ್ಕೂ ಸುಂದರ. ಆ ಹಸಿರು ಬೆರೆತ ನೀಲಿಯನ್ನು ನಾನು ಹಿಂದೆ ನವಿಲಿನ ಕತ್ತಿನಲ್ಲಿ ಮಾತ್ರ ಕಂಡಿದ್ದೆ. ಆದರೆ ಅಷ್ಟು ಒಳ್ಳೆಯ ನೀರಿನ ಮೇಲೆ ಪೆಟ್ರೋಲಿನ ವಾಸನೆ ತೇಲುವುದು ನನಗೆ ಹಿಡಿಸಲಿಲ್ಲ. ನಮ್ಮ ಕೊಡಗಿನ ಮಾಂದಲಪಟ್ಟಿ ಬೆಟ್ಟದ ಬುಡದಲ್ಲಿ ಭಾನುವಾರ ಸಾಲುಗಟ್ಟುವ ಜೀಪುಗಳು ನೆನಪಾದವು. ಇನ್ನು ಅಲ್ಲಿ ಕಾಫಿಯೆಂದು ಕೊಟ್ಟದ್ದನ್ನು ಹಾಲುಪುಡಿಯ ಬಿಸಿನೀರು ಎಂದು ಕರೆದರೂ ಹೊಗಳಿದಂತಾಗುತ್ತದೆ. ಕಾಫಿ ಬೆಳೆಯುವವರು ಮನೆಯಿಂದಲೇ ಪುಡಿ ಮತ್ತು ಸಣ್ಣದೊಂದು ಫಿಲ್ಟರ್ ಒಯ್ಯುವುದು ಒಳ್ಳೆಯದು.

ನನ್ನ ಹೊಟ್ಟೆಯಲ್ಲಿ ಈಗಲೂ ಉರಿಯುವ ಸಂಗತಿ ಬೇರೆಯೇ ಇದೆ. ಈ ದ್ವೀಪದಲ್ಲಿ ನೋಡಲೇಬೇಕಾದದ್ದು ಲಕ್ಷ್ಮಣಪುರದ ತೀರದಲ್ಲಿರುವ ಕಲ್ಲಿನ ಸೇತುವೆ. ಹವಳದ ಸುಣ್ಣಕಲ್ಲನ್ನು ಅಲೆಗಳು ಕೊರೆದು ಮಾಡಿದ ಈ ಕಮಾನಿಗೆ ಬಂಗಾಳಿಗಳು ಹೌರಾ ಬ್ರಿಡ್ಜ್ ಎಂದು ಹೆಸರಿಟ್ಟಿದ್ದಾರೆ. ಪ್ರವಾಸದ ವ್ಯವಸ್ಥೆ ಮಾಡಿಕೊಟ್ಟವರು ಚೀಟಿಯಲ್ಲಿ ‘ಬೆಳಿಗ್ಗೆ ಹನ್ನೊಂದಕ್ಕೆ ಸೇತುವೆ ದರ್ಶನ’ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಹನ್ನೊಂದಕ್ಕೆ ಹೋದರೆ ದಾರಿಯೇ ಇಲ್ಲ! ಅಂದು ಹುಣ್ಣಿಮೆ ಕಳೆದು ಮೂರನೆಯ ದಿನ. ಉಬ್ಬರದ ನೀರು ಬಂಡೆಗಳನ್ನೆಲ್ಲ ನುಂಗಿ ದಡದ ಮರಗಳ ಬೇರಿನವರೆಗೆ ಬಂದು ನಿಂತಿತ್ತು. ನಮ್ಮ ಹಾಗೆಯೇ ಬಂದ ಹತ್ತಿಪ್ಪತ್ತು ಮಂದಿ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆದುಕೊಂಡು ಹಿಂದಿರುಗುತ್ತಿದ್ದರು.

ಬೆಟ್ಟದ ಜನರಿಗೆ ನೀರು ಏರುವುದೆಂದರೆ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಹೊಳೆ ತುಂಬಿ ಭಾಗಮಂಡಲದ ರಸ್ತೆ ಮುಚ್ಚುವುದು. ಅದು ಏರಿದರೆ ಇಳಿಯಲು ದಿನಗಳೇ ಬೇಕು. ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆಂದು ಶಾಲೆಯಲ್ಲಿ ಓದಿದ್ದೆನಾದರೂ, ಆ ಹೊತ್ತು ಪ್ರತಿದಿನ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತದೆಂಬುದನ್ನು ಮರೆತಿದ್ದೆ. ಆದ್ದರಿಂದ ಅಲ್ಲಿಗೆ ಹೋಗುವವರು ಹಡಗಿನ ಟಿಕೆಟ್ ತೆಗೆಯುವ ಮೊದಲೇ ಆಯಾ ದಿನದ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿಕೊಳ್ಳಬೇಕು ಮತ್ತು ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಬೆಳಿಗ್ಗೆ ಬಂದು ಸಂಜೆ ಹಿಂದಿರುಗುವ ಯೋಜನೆಯಲ್ಲಿ ಈ ಸೇತುವೆ ಸಿಗುವುದು ಅದೃಷ್ಟದ ಮಾತು.

ನಾವು ತಂಗಿದ್ದ ಮನೆಯ ಯಜಮಾನರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಎಲ್ಲರೂ ದಾದಾ ಎನ್ನುತ್ತಿದ್ದುದರಿಂದ ನಾವೂ ಹಾಗೆಯೇ ಕರೆದೆವು. ಅವರು ನನ್ನ ಹೆಂಡತಿಯನ್ನು ‘ಬೌದಿ’ ಎಂದರು. ಅದರ ಅರ್ಥ ಅತ್ತಿಗೆ ಎಂದು ತಿಳಿದ ಮೇಲೆ ಅವಳಿಗೆ ಆ ಮನೆಯ ಮೇಲೆ ವಿಶೇಷ ಅಭಿಮಾನ ಹುಟ್ಟಿತು. ಮುಂದೆ ಬಿದಿರಿನ ನಾಲ್ಕು ಕಾಟೇಜು, ಹಿಂದೆ ಬದನೆ, ಹಾಗಲ, ಹರಿವೆ, ಅದರಾಚೆ ಅಡಕೆ. ನಾನು ಸಿಟ್ಟಿನಿಂದ, ಸೇನೆಯಲ್ಲಿದ್ದ ತಂದೆಯವರಿಂದ ಕಲಿತ ಹಿಂದಿಯಲ್ಲಿ, ‘ದಾದಾ, ನಿಮ್ಮ ಸೇತುವೆ ಎಲ್ಲಿ?’ ಎಂದು ಕೇಳಿದೆ. ಅವರು ಬದನೆ ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸದೆಯೇ, ‘ಸೇತುವೆ ಅಲ್ಲೇ ಇದೆ, ನೀವು ಬಂದ ಹೊತ್ತು ಸರಿಯಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟುತ್ತೇನೆ, ರಬ್ಬರ್ ಚಪ್ಪಲಿ ಹಾಕಿಕೊಂಡು ಸಿದ್ಧವಾಗಿರಿ’ ಎಂದರು.

ನನಗೆ ನಾಚಿಕೆಯಾಯಿತು. ಏಪ್ರಿಲ್‌ನ ಸುಡು ಮಧ್ಯಾಹ್ನ ನಮ್ಮ ಮನೆಗೆ ಬಂದಿಳಿದು, ಕಾರಿನ ಬಾಗಿಲನ್ನು ಹಾಕುವ ಮೊದಲೇ ‘ಎಲ್ರೀ ಮಂಜು? ಫೋಟೋದಲ್ಲಿ ಇತ್ತಲ್ಲ?’ ಎಂದು ಕೇಳುವ ಅತಿಥಿಗಳ ಬಗ್ಗೆ ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಎಷ್ಟು ನಕ್ಕಿಲ್ಲ! ಅವಳು ನನ್ನ ಮುಖ ನೋಡಿ ತುಟಿ ಬಿಗಿಹಿಡಿದಳು.

ಮರುದಿನ ಐದಕ್ಕೆ ಹೊರಟೆವು. ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ ಆದ್ದರಿಂದ ಅಲ್ಲಿ ಐದೂವರೆಗೆ ಸೂರ್ಯ ಹುಟ್ಟಿ ಸಂಜೆ ಐದೂವರೆಗೇ ಮುಳುಗುತ್ತಾನೆ, ಅಂದರೆ ಕೊಡಗಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ. ಇದನ್ನರಿಯದೆ ಸಂಜೆ ಆರಕ್ಕೆ ಸೂರ್ಯಾಸ್ತ ನೋಡಲು ಹೋದವರಿಗೆ ಕತ್ತಲೆ ಮಾತ್ರ ಸಿಗುತ್ತದೆ. ಹಿಂದಿನ ದಿನ ಸಮುದ್ರವಿದ್ದ ಜಾಗದಲ್ಲಿ ಈಗ ಕಪ್ಪು ಕಂದು ಬಂಡೆಗಳ ಬಯಲು ಹರಡಿತ್ತು. ಬಂಡೆಯ ಮೇಲ್ಮೈ ಗರಗಸದ ಹಲ್ಲಿನಂತೆ ಚೂಪು. ಅದರ ಗುಂಡಿಗಳಲ್ಲಿ ನಿಂತ ನೀರು ಎಷ್ಟು ತಿಳಿಯಾಗಿತ್ತೆಂದರೆ, ಬಗ್ಗಿದರೆ ಮೂಗಿಗೆ ತಾಗುವವರೆಗೂ ನೀರಿದೆಯೆಂದು ಗೊತ್ತಾಗುತ್ತಿರಲಿಲ್ಲ.

ದಾದಾ ಒಂದೊಂದು ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ತೋರಿಸಿದರು. ಮೊದಲನೆಯದರಲ್ಲಿ ಕಪ್ಪು ಹೀರೇಕಾಯಿಯಂಥದೊಂದು ಬಿದ್ದಿತ್ತು. ಅದು ಕಡಲ ಸೌತೆ, ಕಾಯಿಯಲ್ಲ, ಪ್ರಾಣಿ. ಮರಳನ್ನು ತಿಂದು, ಅದರಲ್ಲಿರುವ ಕೊಳೆತದ್ದನ್ನು ಜೀರ್ಣಿಸಿ, ಮರಳನ್ನು ಶುಚಿಯಾಗಿ ಹೊರಹಾಕುತ್ತದೆ. ನಮ್ಮ ತೋಟದ ಎರೆಹುಳುವಿನ ಕೆಲಸವೇ. ಇನ್ನೊಂದರಲ್ಲಿ ಕಲ್ಲಿನೊಳಗೆ ಹುದುಗಿದ ದೊಡ್ಡ ಚಿಪ್ಪೊಂದು ಬಾಯಿ ತೆರೆದಿತ್ತು. ಅದರ ತುಟಿಗೆ ನೇರಳೆಯ ಮೇಲೆ ಹಸಿರು ಚುಕ್ಕೆಗಳ ಮಖಮಲ್ಲಿನ ಅಂಚು. ದಾದಾ ಅದನ್ನು ಮುಟ್ಟಲಿಲ್ಲ. ಕೈಯ ನೆರಳನ್ನು ಮಾತ್ರ ಅದರ ಮೇಲೆ ಹಾಯಿಸಿದರು. ತುಟಿ ಅಲೆಯಂತೆ ನಡುಗಿ, ಚಿಪ್ಪು ಮೆಲ್ಲನೆ ಮುಚ್ಚಿಕೊಂಡಿತು. ಎರಡು ನಿಮಿಷ ಯಾರೂ ಮಾತಾಡದೆ ಕಾದೆವು. ಮೊದಲು ಕೂದಲೆಳೆಯಷ್ಟು ಸಂದು, ಆಮೇಲೆ ನೇರಳೆ ಅಂಚು, ಆಮೇಲೆ ಅದು ಪೂರ್ತಿ ತೆರೆದುಕೊಂಡಿತು. ನನ್ನ ಹೆಂಡತಿ ಆ ಗುಂಡಿಯನ್ನು ಬಿಟ್ಟು ಏಳಲು ಒಪ್ಪಲಿಲ್ಲ. ಸೇತುವೆಯನ್ನು ಅವಳು ದೂರದಿಂದ ನೋಡಿದ್ದೇ ಬಂತು. ನಾನು ಕಮಾನಿನ ಕೆಳಗೆ ಹೋಗಿ ನಿಂತು ಬಂದೆ. ಸೊಗಸಾಗಿದೆ, ಆದರೆ ಆ ಚಿಪ್ಪಿನಷ್ಟಲ್ಲ.

ನೀರು ಮತ್ತೆ ಏರತೊಡಗಿದಾಗ ದಡಕ್ಕೆ ಬಂದು ಒಂದು ಮರದ ಬುಡದಲ್ಲಿ ಕುಳಿತೆವು. ಮಾತು ಅಲ್ಲಿ ಬೆಳೆಯಿತು. ದಾದಾ ಚಿಕ್ಕವರಿದ್ದಾಗ ತಂದೆಯೊಡನೆ ಹಡಗಿನಿಂದ ಇಳಿದ ದಿನ ಇಲ್ಲಿ ಇದ್ದದ್ದು ಕಾಡು ಮತ್ತು ಸೊಳ್ಳೆ. ಮರ ಕಡಿದು, ಬೇರು ಕಿತ್ತು, ಗದ್ದೆ ಮಾಡುವುದರಲ್ಲಿ ತಂದೆಯ ಆಯುಷ್ಯ ಕಳೆಯಿತು. ಈಗ ಕಿರಿಯ ಮಗ ಉಳಿದ ತರಕಾರಿ ಹೊಲದಲ್ಲೂ ಆರು ಕಾಟೇಜು ಕಟ್ಟೋಣ ಎನ್ನುತ್ತಾನೆ.

‘ನಿಮ್ಮ ಊರಿಗೂ ಹೀಗೆಯೇ ಜನ ಬರುತ್ತಾರಲ್ಲ, ಏನಾಯಿತು?’ ಎಂದು ಕೇಳಿದರು.

ನಾನು ಸುಳ್ಳು ಹೇಳಬಾರದೆಂದು ಯೋಚಿಸಿ ಯೋಚಿಸಿ ಉತ್ತರಿಸಿದೆ. ಕಾಫಿಗೆ ಬೆಲೆಯಿಲ್ಲದ ವರ್ಷಗಳಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಿದ್ದು ಆ ಎರಡು ಕೋಣೆಗಳೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಬರುವುದು ನಿಂತಾಗ ಸಾಲ ಮಾಡಿ ಕೋಣೆ ಹೆಚ್ಚಿಸಿದ್ದವರ ಪಾಡು ನಾಯಿಪಾಡಾಯಿತು. ಎರಡೇ ಕೋಣೆಯಿದ್ದ ನಾವು ಬೆಳೆ ನಂಬಿ ಉಳಿದೆವು. ಮಾರ್ಚಿನಲ್ಲಿ ನಮ್ಮ ಬಾವಿಯ ಹಗ್ಗ ಮೊದಲಿಗಿಂತ ಎರಡು ಮಾರು ಉದ್ದ ಬೇಕಾಗುತ್ತಿದೆ ಎಂದೂ ಹೇಳಿದೆ.

ದಾದಾ ಬಾವಿಯ ಮಾತನ್ನು ಹಿಡಿದುಕೊಂಡರು. ‘ನಿಮ್ಮ ಬಾವಿ ಬತ್ತಿದರೆ ಮಳೆಗೆ ತುಂಬುತ್ತದೆ. ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿದೆ, ಹೆಚ್ಚು ಎಳೆದರೆ ಕೆಳಗಿನದು ಮೇಲೆ ಬರುತ್ತದೆ. ಮಗನಿಗೆ ಸ್ನಾನದ ಮನೆ ಎಷ್ಟೆಂದು ಲೆಕ್ಕವಿದೆ, ಕೊಡ ಎಷ್ಟೆಂದು ಇಲ್ಲ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಆದರೆ ಬದನೆಗೆ ಹಡಗಿನ ಬಾಡಿಗೆ ಕಳೆದರೆ ಏನೂ ಉಳಿಯುವುದಿಲ್ಲ, ಅವನು ಹೇಳುವುದೂ ಸುಳ್ಳಲ್ಲ’ ಎಂದು ತಾವೇ ಸೇರಿಸಿದರು. ಆರು ಬೇಡ, ಎರಡು ಕಟ್ಟಲಿ ಎನ್ನಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವರ ಕೋಣೆಯಲ್ಲೇ ಮಲಗಿ, ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದುಕೊಂಡು ಬಂದವನು ಹಾಗೆನ್ನುವುದು ಹೇಗೆಂದು ಸುಮ್ಮನಾದೆ. ಅಂದು ಮಧ್ಯಾಹ್ನ ಅದೇ ಹೊಲದ ಬದನೆಯನ್ನು ಸಾಸಿವೆಯಲ್ಲಿ ಬೇಯಿಸಿ, ಮೀನಿನ ಸಾರಿನೊಡನೆ ಬಡಿಸಿದರು. ಆ ಬದನೆಗಾಗಿಯೇ ಮತ್ತೊಮ್ಮೆ ಹೋಗಬಹುದು.

ಸೀತಾಪುರದ ತೀರ, ಲಕ್ಷ್ಮಣಪುರದ ಸೂರ್ಯಾಸ್ತ ಎಲ್ಲವನ್ನೂ ಉಳಿದ ಎರಡು ದಿನಗಳಲ್ಲಿ ನೋಡಿದೆವು. ಮರಳಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚಿದರೆ ವಾರಗಟ್ಟಲೆ ತುರಿಸುತ್ತದೆ. ಜಿಗಣೆಗೆ ಹೆದರದ ನನ್ನ ಕಾಲು ಅದಕ್ಕೆ ಸೋತಿತು. ಬರಿಯ ಮರಳಿನ ಮೇಲೆ ಕೂರದೆ ಏನನ್ನಾದರೂ ಹಾಸಿಕೊಳ್ಳುವುದು ಉತ್ತಮ.

ಹಿಂದಿರುಗುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಚೀಲವನ್ನು ಬದಿಗೆ ಸರಿಸಿದರು. ಮೊದಲ ದಿನ ಭರತಪುರದಲ್ಲಿ ನನ್ನ ಹೆಂಡತಿ ಆಯ್ದು ಪಕ್ಕದ ಜೇಬಿಗೆ ಹಾಕಿ ಮರೆತಿದ್ದ, ಹೆಬ್ಬೆರಳಿನಷ್ಟು ದೊಡ್ಡ, ಬಿಳಿಯ ಸತ್ತ ಹವಳದ ಚೂರು ಅದರಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹವಳವೂ ಆನೆ, ಹುಲಿಗಳಿರುವ ಮೊದಲನೆಯ ಅನುಸೂಚಿಯಲ್ಲೇ ಇದೆ. ಸತ್ತದ್ದೆಂಬ ವಿನಾಯಿತಿ ಇಲ್ಲ. ತೋಟಕ್ಕೆ ಆನೆ ನುಗ್ಗಿದಾಗಲೆಲ್ಲ ಈ ಕಾಯಿದೆಯ ಬಗ್ಗೆ ಚರ್ಚಿಸುವ ನಾವು ಹವಳದ ಬಗ್ಗೆ ಕೇಳಿರಲಿಲ್ಲ. ಕಾಲು ಗಂಟೆ ಬುದ್ಧಿಮಾತು ಕೇಳಿ, ಚೂರನ್ನು ಅಲ್ಲೇ ಬಿಟ್ಟು, ವಿಮಾನ ಹತ್ತಿದೆವು. ದ್ವೀಪ ಬಿಡುವ ಮೊದಲು ಮಕ್ಕಳ ಜೇಬನ್ನೂ, ಮುಖ್ಯವಾಗಿ ದೊಡ್ಡವರ ಜೇಬನ್ನೂ, ಕೊಡವಿ ನೋಡಬೇಕು.

ಬೆಂಗಳೂರಿನಲ್ಲಿ ಇಳಿದು ಫೋನ್ ತೆರೆಯುತ್ತಿದ್ದಂತೆ ತಮ್ಮನ ಮಗನ ಕರೆ ಬಂತು. ‘ದೊಡ್ಡಪ್ಪ, ನಿನ್ನೆ ರಾತ್ರಿ ಎಂಬತ್ತು ಸೆಂಟ್, ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು ಮಳೆ ಆಗಿದೆ, ಸ್ಪ್ರಿಂಕ್ಲರ್ ನಿಲ್ಲಿಸಿದೆ. ಮತ್ತೆ, ಕೆಳಗಿನ ಕೋಣೆಗೆ ಹೈದರಾಬಾದಿನವರು ಬಂದಿದ್ದಾರೆ. ಮಂಜು ಎಲ್ಲಿ ಅಂತ ಕೇಳ್ತಿದ್ದಾರೆ, ಏನು ಹೇಳಲಿ?’

ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟುತ್ತೇವೆ, ಬೂಟು ಹಾಕಿಕೊಂಡು ಸಿದ್ಧವಾಗಿರಲಿ ಎಂದು ಹೇಳು ಎಂದೆ.