ನೋಡ್ತೀವಿ ಸರ್

ನಾನು ಕೆಲಸ ಮಾಡುವುದು ಷಿಕಾಗೋ ಪಕ್ಕದ ಒಂದು ಪುಟ್ಟ ಕಂಪನಿಯಲ್ಲಿ. ಹನ್ನೊಂದೇ ಜನ. ಹಣ್ಣು ತರಕಾರಿ ಸಗಟು ವ್ಯಾಪಾರಿಗಳ ಗೋದಾಮಿಗೆ ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. 2025ರ ದಸರಾ ಮುಗಿದ ವಾರ ಮಾಲೀಕ ಬಂದು, ಹಳೆಯ ಪ್ರೋಗ್ರಾಂ ಹೊಸದಾಗಿ ಬರೆಸಬೇಕು, ಇಂಡಿಯಾಗೆ ಕೊಡೋಣವಾ, ನೀನು ಅಲ್ಲಿಯವನೇ ಅಲ್ವಾ, ನೀನೇ ಹೇಳು ಅಂದ.

ಅಲ್ಲಿಯವನೇ. ತೊಂದರೆ ಇರುವುದೇ ಅಲ್ಲಿ. ಬೆಂಗಳೂರಿನಲ್ಲಿ ಆರು ವರ್ಷ ಇಂಥದ್ದೇ ಕೆಲಸ ಮಾಡಿದವನು ನಾನು. ಆಗುವುದಿಲ್ಲ ಅಂತ ಗೊತ್ತಿದ್ದೂ ಫೋನಿನಲ್ಲಿ 'ವಿ ವಿಲ್ ಟ್ರೈ ಸರ್' ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಗು ಸೈಕಲ್ ಕೇಳಿದರೆ ಅಪ್ಪ 'ನೋಡೋಣ' ಅನ್ನುತ್ತಾರಲ್ಲ, ಅದೇ ಅರ್ಥ. ಕೇಳಿಸಿಕೊಂಡವರು ಮಾತ್ರ ಹೌದು ಅಂತ ಬರೆದುಕೊಳ್ಳುತ್ತಿದ್ದರು.

ಮಾಲೀಕನ ಕಣ್ಣು ಗಂಟೆಯ ದರದ ಮೇಲಿತ್ತು. ಅದಕ್ಕೆ ತಣ್ಣೀರೆರಚಿದ್ದು ನಮ್ಮ ಲೆಕ್ಕ ನೋಡುವಾಕೆ. ಅಮೆರಿಕದಲ್ಲೇ ಬರೆಸಿದರೆ ಆ ಖರ್ಚನ್ನು ಅದೇ ವರ್ಷದ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಪೂರ್ತಿ ಕಳೆಯಬಹುದು, ಜುಲೈ 2025ರ ಕಾನೂನು ಅದನ್ನು ಮತ್ತೆ ತಂದಿದೆ, ಆದರೆ ಹೊರದೇಶದಲ್ಲಿ ಬರೆಸಿದ್ದನ್ನು 15 ವರ್ಷಕ್ಕೆ ಹಂಚಲೇಬೇಕು. ದುಡ್ಡು ಈಗಲೇ ಹೋಗುತ್ತದೆ, ತೆರಿಗೆಯಲ್ಲಿ ಉಳಿಯುವುದು ಚೂರು ಚೂರೇ. ನಮ್ಮಂಥ ಸಣ್ಣವರಿಗೆ ಇದು ಸಣ್ಣ ಮಾತಲ್ಲ.

ಆದರೂ ಬೆಂಗಳೂರಿನ ಮೂರು ಕಂಪನಿಗಳ ಜೊತೆ ಮಾತಾಡಿದೆ. ಇಲ್ಲಿ ಬೆಳಗ್ಗೆ ಏಳೂವರೆ, ಅಲ್ಲಿ ಸಂಜೆ ಆರು. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಹಿಂದಕ್ಕೆ ಹೋದರೆ ಅಲ್ಲಿ ಏಳಾಗುತ್ತದೆ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಬೇಕಾದವರಿಗೆ ಆ ಒಂದು ಗಂಟೆ ಅಂದರೇನು ಅಂತ ಮಾಲೀಕನಿಗೆ ಹೇಗೆ ಹೇಳಲಿ.

ಮೊದಲನೆಯವರು ಚೆಂದದ ಸ್ಲೈಡ್ ತೋರಿಸಿ ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿದರು. ಏನೇನು ಬೇಕು ಅಂತ ನಮಗೇ ಪೂರ್ತಿ ಗೊತ್ತಿರಲಿಲ್ಲ, ಅವರು ಹೇಗೆ ಹೇಳಿದರೋ. ಎರಡನೆಯವರಲ್ಲಿ ಮಾತಾಡಿದವರು ಒಬ್ಬರು, ಕೆಲಸ ಮಾಡಬೇಕಾದವರು ಇನ್ನೂ ಕಂಪನಿಗೇ ಸೇರಿರಲಿಲ್ಲ. ನನ್ನನ್ನೂ ಹಿಂದೆ, ಪ್ರಾಜೆಕ್ಟ್ ಇಲ್ಲದೆ ಕೂತಿದ್ದ 'ಬೆಂಚಿನಿಂದ' ಎಬ್ಬಿಸಿ, ಬೇರೆಯವರು ಮಾತಾಡಿ ಒಪ್ಪಿಕೊಂಡ ಕೆಲಸಕ್ಕೆ ಕಳಿಸಿದ್ದರು, ಬಿಡಿ.

ಮೂರನೆಯವರ ಕಾಲ್‌ನಲ್ಲಿ ಅರ್ಧ ಗಂಟೆ ಸುಮ್ಮನಿದ್ದ ಒಬ್ಬ ಹುಡುಗಿ, ಮ್ಯಾನೇಜರ್ ಮಾತು ಮುಗಿಸುವ ಮೊದಲೇ ಕೇಳಿದಳು: 'ಸರ್, 40 ಪೌಂಡ್ ಅಂತ ಒಳಗೆ ಬಂದ ಬಾಕ್ಸ್ ನಾಲ್ಕು ದಿನಕ್ಕೆ ಒಣಗಿ 38 ಆದರೆ ಬಿಲ್ಲಿಗೆ ಯಾವ ತೂಕ?' ಹಳೆಯ ಪ್ರೋಗ್ರಾಂನಲ್ಲಿ ಹತ್ತು ವರ್ಷದಿಂದ ನಮ್ಮ ಜಗಳ ಅದೇ.

ಅವರಿಗೂ ಪೂರ್ತಿ ಕೊಡಲಿಲ್ಲ. ತೂಕ, ಬಿಲ್ಲಿನ ಲೆಕ್ಕ ಇಲ್ಲೇ ಉಳಿಸಿಕೊಂಡೆವು. ಪ್ರಶ್ನೆ ಕೇಳಿದವಳಿಗೇ ಆ ಭಾಗ ಇಲ್ಲವಾ ಅನ್ನಿಸಬಹುದು, ಆದರೆ ಅದಕ್ಕೆ ಉತ್ತರ ಗೋದಾಮಿನ ಬಾಗಿಲಲ್ಲಿ ನಿಂತು ವ್ಯಾಪಾರಿಗಳ ಹತ್ತಿರ ಬೈಸಿಕೊಂಡರೇ ಸಿಗುವುದು. ಬೆಂಗಳೂರಿಗೆ ಕೊಟ್ಟಿದ್ದು ಮೊಬೈಲ್ ಸ್ಕ್ರೀನ್‌ಗಳು. ಮೊದಲು ಒಂದೇ ಸ್ಕ್ರೀನ್, ಮೂರು ವಾರ, ಗಂಟೆ ಲೆಕ್ಕದಲ್ಲಿ ದುಡ್ಡು. ಬರೆದ ಕೋಡ್ ದಿನಾ ಗಿಟ್‌ಹಬ್ ಅನ್ನುವ, ಕೋಡ್ ಇಡುವ ಆನ್‌ಲೈನ್ ಜಾಗದಲ್ಲಿರುವ ನಮ್ಮ ಖಾತೆಗೇ ಬರಬೇಕು, ಕೊನೆಗೆ ಜಿಪ್ ಫೈಲ್ ಕಳಿಸುತ್ತೇವೆ ಅನ್ನುವ ಹಾಗಿಲ್ಲ. ಆ ಹುಡುಗಿಯೇ ಮಾಡಬೇಕು ಅಂತಲೂ ಬರೆಸಿಕೊಂಡೆ.

ಎರಡನೇ ವಾರ ಮಾಲೀಕ ಕಾಲ್‌ಗೆ ಬಂದು, ಶುಕ್ರವಾರಕ್ಕೆ ಸಿಗುತ್ತದಾ ಅಂತ ಕೇಳಿದ. 'ವಿ ವಿಲ್ ಟ್ರೈ ಸರ್' ಅಂದರು ಮ್ಯಾನೇಜರ್. ಮಾಲೀಕ ಖುಷಿಯಾಗಿ ಬೋರ್ಡಿನ ಮೇಲೆ ಶುಕ್ರವಾರ ಅಂತ ಬರೆದು ಕಾಫಿಗೆ ಎದ್ದು ಹೋದ. ನಾನು ಅದನ್ನು ಒರೆಸಿ ಮುಂದಿನ ಬುಧವಾರ ಅಂತ ಬರೆದೆ.