ಅಲ್ಪಸಂಖ್ಯಾತ ವಿದ್ಯಾರ್ಥಿವೇತನ: ಪೋರ್ಟಲ್ ತೆರೆಯುವ ಮೊದಲೇ ಮುಗಿಸಬೇಕಾದ ಕೆಲಸ

ಕಾಲೇಜು ಸೇರಿದ ಮೇಲೆ ಸ್ಕಾಲರ್‌ಶಿಪ್ ನೋಡಿಕೊಂಡರಾಯಿತು ಎಂದುಕೊಂಡ ಮನೆಗಳಲ್ಲೇ ದುಡ್ಡು ಕೈತಪ್ಪುವುದು ಹೆಚ್ಚು. ಯೋಜನೆಗಳಿಗೇನೂ ಬರವಿಲ್ಲ. ಹೆಸರಿನ ಒಂದು ಅಕ್ಷರ, ಅವಧಿ ಮುಗಿದ ಆದಾಯ ಪತ್ರ, ಬ್ಯಾಂಕಿನಲ್ಲಿ ಅರ್ಧಕ್ಕೆ ನಿಂತ ಆಧಾರ್ ಜೋಡಣೆ: ಅರ್ಜಿ ಸಿಕ್ಕಿಬೀಳುವುದು ಇಂಥ ಕಡೆ. ಪಿಯು ಫಲಿತಾಂಶ ಬಂದ ವಾರವೇ ಇವನ್ನು ಸರಿಪಡಿಸಲು ಹೊರಡಿ.

ಮುಸ್ಲಿಂ, ಕ್ರೈಸ್ತ, ಜೈನ, ಸಿಖ್, ಬೌದ್ಧ, ಪಾರ್ಸಿ, ಈ ಆರು ಸಮುದಾಯಗಳು ಅಧಿಸೂಚಿತ ಅಲ್ಪಸಂಖ್ಯಾತರು. ಜೈನರು ಈ ಪಟ್ಟಿಗೆ ಸೇರಿದ್ದು 2014ರಲ್ಲಿ. ಕರ್ನಾಟಕದಲ್ಲಿ ಪಿಯು ನಂತರದ ರಾಜ್ಯ ಸರ್ಕಾರದ ನೆರವಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್), ಕೇಂದ್ರದ್ದಕ್ಕೆ ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್). ಎರಡೂ ಬೇರೆ ಬೇರೆ. ಒಂದರಲ್ಲಿ ಹಾಕಿದ ಅರ್ಜಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಇಂಗ್ಲಿಷ್ ಕಾಗುಣಿತವನ್ನು ಒಂದೊಂದೇ ಅಕ್ಷರ ಓದಿ. ಮೊಹಮ್ಮದ್ ಎಂಬುದು ಒಂದರಲ್ಲಿ ಪೂರ್ತಿ ಇದ್ದರೆ ಇನ್ನೊಂದರಲ್ಲಿ ಬರೀ ‘ಎಂಡಿ’. ಡಿಸೋಜಾದಲ್ಲಿ ‘ಡಿ’ ಪಕ್ಕದ ಅಪಾಸ್ಟ್ರಫಿ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು ಮನುಷ್ಯರು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಅಲೆದಾಟ, ಆದ್ದರಿಂದ ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಜನ್ಮದಿನಾಂಕಕ್ಕೆ ಒಂದೇ ಸಲ. ಅವಸರದಲ್ಲಿ ತಪ್ಪು ತುಂಬಿಸಿ ಆ ಅವಕಾಶ ಕಳೆಯಬೇಡಿ; ರಸೀದಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ.

ನಾಡಕಚೇರಿಯ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ. ಆದಾಯ ಪತ್ರಕ್ಕೆ ಐದು ವರ್ಷ ಬೆಲೆ. ಹೈಸ್ಕೂಲಿಗೆ ಮಾಡಿಸಿದ್ದರೆ ಡಿಗ್ರಿ ಹೊತ್ತಿಗೆ ಮುಗಿದಿರುತ್ತದೆ. ಎಸ್‌ಎಸ್‌ಪಿಗೆ ಬೇಕಾದದ್ದು ಅದರ ಮೇಲಿನ, ‘ಆರ್‌ಡಿ’ ಎಂದು ಶುರುವಾಗುವ ಪ್ರಮಾಣಪತ್ರ ಸಂಖ್ಯೆ. ವಿವರ ಅದರಿಂದಲೇ ತೆಗೆದುಕೊಳ್ಳುವುದರಿಂದ ಪತ್ರದಲ್ಲಿ ತಪ್ಪಿದ್ದರೆ ಅರ್ಜಿಯಲ್ಲಿ ತಿದ್ದಲಾಗದು. ಇನ್ನೊಂದು ಮಾತು, ಬಹಳ ಜನ ಗಮನಿಸದ್ದು: ಪರಿಶಿಷ್ಟ ಜಾತಿಯಿಂದ ಬಂದ ಬೌದ್ಧರಿಗೆ 1990ರ ತಿದ್ದುಪಡಿಯ ನಂತರ ಪರಿಶಿಷ್ಟ ಜಾತಿಯ ಸ್ಥಾನಮಾನವಿದೆ. ಕಲಬುರಗಿ, ಬೀದರ್ ಕಡೆಯ ಇಂಥ ವಿದ್ಯಾರ್ಥಿಗಳು ಪರಿಶಿಷ್ಟ ಜಾತಿಯ ಮತ್ತು ಅಲ್ಪಸಂಖ್ಯಾತರ ಯೋಜನೆಗಳ ಮೊತ್ತ ಹೋಲಿಸಿ ನೋಡಿಯೇ ಒಂದನ್ನು ಆರಿಸಲಿ.

ಇನ್ನು ಬ್ಯಾಂಕ್. ಇಲ್ಲಿಯೇ ಅತಿ ಹೆಚ್ಚು ಹಣ ಸಿಕ್ಕಿಕೊಳ್ಳುತ್ತದೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು. ಸರ್ಕಾರದ ಹಣ ನೇರ ಖಾತೆಗೆ ಬರಲು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಆಧಾರ್ ಹಣ ಯಾವ ಬ್ಯಾಂಕಿಗೆ ಎಂಬ ನೋಂದಣಿ ಬೇಕು, ಅದು ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ಹಣ ಹೋಗುವುದು ಮ್ಯಾಪ್ ಆದ ಬ್ಯಾಂಕಿಗೆ. ಎಂದೋ ಮೊಬೈಲ್ ಅಂಗಡಿಯಲ್ಲಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಮ್ಯಾಪ್ ಆಗಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ, ಮನೆಯವರು ಇಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿರುತ್ತಾರೆ. ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಪೂರ್ತಿಯಾಗದ ಸಣ್ಣ ಖಾತೆಯಾದರೆ ಶಿಲ್ಕು 50,000 ರೂಪಾಯಿ, ವರ್ಷದ ಜಮೆ 1 ಲಕ್ಷ ದಾಟುವಂತಿಲ್ಲ. ಅದನ್ನು ಮೊದಲೇ ಪೂರ್ಣ ಖಾತೆ ಮಾಡಿಸಿ.

ಅರ್ಜಿಯಲ್ಲಿ ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಹಾಕಿಸಲೇಬೇಡಿ. ಎನ್‌ಎಸ್‌ಪಿಯಲ್ಲಿ ಕಾಲೇಜಿನ ನೋಡಲ್ ಅಧಿಕಾರಿ ಅರ್ಜಿಯನ್ನು ‘ದೋಷ’ ಎಂದು ವಾಪಸ್ ಕಳಿಸಿದರೆ ಸಂದೇಶ ಹೋಗುವುದು ಆ ನಂಬರಿಗೆ. ನಿಮಗೆ ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಎಸ್‌ಎಸ್‌ಪಿಗಾಗಿ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವ ಕಾಲೇಜಿನ ಇ-ದೃಢೀಕರಣ ಅಧಿಕಾರಿ ಯಾರೆಂದು ಪ್ರವೇಶದ ದಿನವೇ ಕೇಳಿಟ್ಟುಕೊಳ್ಳಿ. ಅವರು ಒಪ್ಪಿದ ಮೇಲೆ ಸಿಗುವ ಐಡಿ ಇಲ್ಲದೆ ದಾಖಲೆ ಮುಂದಕ್ಕೆ ಹೋಗದು, ಕೊನೇ ವಾರ ಅವರ ಕೋಣೆಯ ಮುಂದೆ ಸಾಲು ಇರುತ್ತದೆ.

ಹಳೆಯ ವಿಡಿಯೊ ನೋಡಿ, ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್‌ಗೆ ಕಾಯಬೇಡಿ, 2022ರಲ್ಲೇ ಅದನ್ನು ನಿಲ್ಲಿಸಲಾಗಿದೆ. ಎನ್‌ಎಸ್‌ಪಿ ಮುಖಪುಟದಲ್ಲಿ ಈ ವರ್ಷ ಯಾವುದು ತೆರೆದಿದೆ ಎಂಬ ಪಟ್ಟಿಯನ್ನೇ ನೋಡಿ. ಅಲ್ಪಸಂಖ್ಯಾತ ಎಂಬ ಶೀರ್ಷಿಕೆಯಡಿ ಮಾತ್ರ ಹುಡುಕುವುದೂ ತಪ್ಪು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ‘ಪ್ರಗತಿ’ ಎಲ್ಲ ಸಮುದಾಯದ ಹೆಣ್ಣುಮಕ್ಕಳಿಗಿದೆ: ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದವರಿಗೆ ವರ್ಷಕ್ಕೆ 50,000, ಕುಟುಂಬದ ಆದಾಯ 8 ಲಕ್ಷದೊಳಗೆ, ಮನೆಗೆ ಇಬ್ಬರವರೆಗೆ. ಬಿಎ, ಬಿಕಾಂ, ಬಿಎಸ್‌ಸಿಯವರು ಕೇಂದ್ರ ಸರ್ಕಾರದ ‘ಸೆಂಟ್ರಲ್ ಸೆಕ್ಟರ್’ ವಿದ್ಯಾರ್ಥಿವೇತನ ಯೋಜನೆ ನೋಡಲಿ: ಪಿಯು ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದಿರಬೇಕು, ಆದಾಯ 4.5 ಲಕ್ಷ ಮೀರಬಾರದು, ಡಿಗ್ರಿಯಲ್ಲಿ ವರ್ಷಕ್ಕೆ 12,000.

ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ, ಸ್ಕಾಲರ್‌ಶಿಪ್ ಅಲ್ಲ. ಸಿಇಟಿ, ನೀಟ್ ಸೀಟು ಸಿಕ್ಕವರಿಗೆ ಅದು ದೊಡ್ಡ ಆಸರೆಯೇ, ಆದರೆ ಓದು ಮುಗಿದ ಮೇಲೆ ಕಟ್ಟಬೇಕಾದ ಹಣ ಎಂದು ತಿಳಿದೇ ಸಹಿ ಹಾಕಿ.

ಒಮ್ಮೆ ಬಂದರೆ ಮುಂದಿನ ವರ್ಷ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ನವೀಕರಣ ಬೇಕು. ಸೆಂಟ್ರಲ್ ಸೆಕ್ಟರ್ ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಇರಬೇಕು. ಅರ್ಜಿಯ ಐಡಿ, ಪಾಸ್‌ವರ್ಡ್, ಸ್ವೀಕೃತಿ ಪ್ರತಿಯನ್ನು ಪಾಸ್‌ಬುಕ್‌ನೊಳಗೇ ಮಡಚಿಡಿ, ಮುಂದಿನ ವರ್ಷ ಮೊದಲು ಬೇಕಾಗುವುದು ಅವೇ.